ಕುರೋಸೆಯವರ ಹತ್ತು ನಿಮಿಷ

ಕ್ಲಸ್ಟರ್ ಅಪ್‌ಗ್ರೇಡ್ ಮಾಡುವವರನ್ನು ನೋಡಬೇಕೆಂದರೆ ಒಸಾಕಾದ ಕುರೋಸೆಯವರನ್ನು ನೋಡಬೇಕು. ಬಸ್ ಟಿಕೆಟ್ ಮಾರುವ ಜಾಲತಾಣವೊಂದನ್ನು ಕ್ಲಸ್ಟರ್ ಎಂಬ ಒಂದೇ ಗುಂಪಿನ ಮೂವತ್ತಾರು ಸರ್ವರ್‌ಗಳು ಹೆಗಲು ಕೊಟ್ಟು ನಡೆಸುತ್ತವೆ; ಮಾರಾಟ ಒಂದು ಗಳಿಗೆಯೂ ನಿಲ್ಲದಂತೆ, ಒಂದೊಂದರಲ್ಲಿ ಓಡುತ್ತಿರುವ ಕಂಟೇನರುಗಳೆಂಬ ತಂತ್ರಾಂಶದ ಪೊಟ್ಟಣಗಳನ್ನು ಪಕ್ಕದ್ದಕ್ಕೆ ಸಾಗಿಸಿ, ಖಾಲಿಯಾದದ್ದನ್ನು ಹೊಸದಾಗಿಸಿ, ಮತ್ತೆ ಕೆಲಸಕ್ಕೆ ಹಚ್ಚುವುದು ಇವರ ಕಾಯಕ. ಜಪಾನಿನ ರೈಲು ಚಾಲಕರಂತೆ ಬಿಳಿ ಕೈಗವಸು ತೊಟ್ಟು, ಪರದೆಯತ್ತ ಬೆರಳು ಚಾಚಿ, “ಏಳನೇದು, ಬಾಗಿಲು ಹಾಕಾಯ್ತು! ಏಳನೇದು, ಒಳಗಿದ್ದೋರೆಲ್ಲ ಪಕ್ಕದ್ಮನೆಗೆ ಹೋದ್ರು!” ಎಂದು ಕೂಗಿ ಹೇಳದೆ ಒಂದು ಗುಂಡಿಯನ್ನೂ ಒತ್ತುವವರಲ್ಲ. ಊಟದ ಡಬ್ಬಿಯಲ್ಲೂ ಒಂದು ಖಾನೆ ಖಾಲಿಯಾಗದೆ ಇನ್ನೊಂದಕ್ಕೆ ಊಟದ ಕಡ್ಡಿ ಇಳಿಸುವವರಲ್ಲ. ಎದುರು ಮೇಜಿನ ಚಿಹಾರುಗೆ ಇದೆಲ್ಲ ಒಗ್ಗಿಹೋಗಿತ್ತು. ಅರ್ಥವಾಗದೆ ಉಳಿದಿದ್ದು ಒಂದೇ. ಹೊಸದಾದ ಸರ್ವರ್ ‘ಸಿದ್ಧ’ ಎಂದು ಹಸಿರು ದೀಪ ತೋರಿಸಿದರೂ, ಇವರು ಅದಕ್ಕೆ ಕೆಲಸ ಕೊಡದೆ ಬಾರ್ಲಿ ಚಹಾ ಹೀರುತ್ತ ಹತ್ತು ನಿಮಿಷ ಸುಮ್ಮನೆ ನೋಡುತ್ತಿದ್ದರು. ಮೂವತ್ತಾರಕ್ಕೆ ಆರು ಗಂಟೆ ದಂಡ! “ಅಲ್ರೀ ಕುರೋಸೆ-ಸಾನ್, ಅದೇ ಸಿದ್ಧ ಅಂತಿದ್ಯಲ್ಲ, ಇನ್ನೇನು ಮುಹೂರ್ತ ನೋಡ್ಬೇಕಾ?” ಎಂದು ಇವತ್ತು ಕೇಳಿಯೇಬಿಟ್ಟಳು. ಕುರೋಸೆ ನಕ್ಕರು. “ನಮ್ಮಮ್ಮ ತೀರ್ಕೊಂಡಾಗ ಏಳು ದಿನ ರಜೆ ಕೊಟ್ಟಿದ್ರು. ಎಂಟನೇ ದಿನ ಬಂದು ನಾನೂ ಸಿದ್ಧ ಅಂತಲೇ ಹೇಳ್ದೆ. ಅವತ್ತೇ ಪೂರ್ತಿ ಕೆಲಸ ಹೊರಿಸಿದ್ರು. ಒಂದು ಸರ್ವರ್ ಖಾಲಿ ಮಾಡೋ ಕಡೆ ಒಟ್ಟಿಗೇ ಹನ್ನೆರಡು ಖಾಲಿ ಮಾಡ್ಬಿಟ್ಟೆ ನೋಡಮ್ಮ, ಮಾರಾಟವೇ ನಿಂತೋಯ್ತು. ಓಬೋನ್ ಹಬ್ಬಕ್ಕೆ ಹಿರಿಯರಿಗೆ ದೀಪ ಇಡಕ್ಕೆ ಊರಿಗೆ ಹೊರಟೋರು ಟಿಕೆಟ್ ಸಿಗ್ದೆ ನಿಂತ್ಬಿಟ್ರು.” ಅಷ್ಟರಲ್ಲಿ ಪರದೆಯ ಮೇಲೆ ಎಂಟನೆಯದು ಹಸಿರಾಯಿತು. ಕುರೋಸೆ ಲೋಟಕ್ಕೆ ಕೈಹಾಕುವ ಮುಂಚೆಯೇ ಚಿಹಾರು ಎದ್ದು ನಿಂತು, ಬೆರಳು ಚಾಚಿ ಕೂಗಿದಳು: “ಎಂಟನೇದು, ಇನ್ನೂ ಹತ್ತು ನಿಮಿಷ ಸುಧಾರಿಸ್ಕೊಳ್ಳಿ!”