ಬಿದ್ದ ಸದ್ದು ಕೇಳಲಿಲ್ಲ

ಖಂಡೇನವಮಿ, ಆಯುಧಪೂಜೆಯ ದಿನ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ರಿಪೇರಿಗೆ ಬಂದಿದ್ದ ಲ್ಯಾಪ್‌ಟಾಪೊಂದರ ಪರದೆ ಆಗಷ್ಟೇ ಬೆಳಗಿತ್ತು. ಅದಕ್ಕೇ ಹೊತ್ತು ನೆನಪಿದೆ.

ಬಿಬವೇವಾಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಧೂಳು ಊದಲು ಮೇಜಿನ ಕೆಳಗೆ ಸಣ್ಣದೊಂದು ಏರ್ ಕಂಪ್ರೆಸರ್ ಇದೆ. ಮಾವ ಸೈನ್ಯದಿಂದ ನಿವೃತ್ತರಾದ ಮೇಲೆ ಬ್ಯಾಂಕೊಂದರ ಬಾಗಿಲಲ್ಲಿ ಕಾವಲಿಗಿದ್ದರು. ಲೈಸೆನ್ಸಿನ ಜೋಡುನಳಿಗೆ ಬಂದೂಕು ಅವರದೇ. ಅದಕ್ಕೆ ಬಟ್ಟೆ, ಎಣ್ಣೆ ಬಿಟ್ಟು ಬೇರೇನನ್ನೂ ಅವರು ಸೋಕಿಸಿದವರಲ್ಲ. ಆ ದಿನ ಮಾತ್ರ, ಪೂಜೆಗಿಡುವ ಮೊದಲು, ಬಂದೂಕು ಹಿಡಿದು ನನ್ನ ಮೇಜಿನ ಬಳಿ ಬಂದು ನಿಂತರು.

"ನಿನ್ನ ಗಾಳಿಮಷೀನ್ ಒಂದೀಟು ಇದಕ್ಕೂ ಹಿಡಿಯವಾ. ಭಾಳ ಧೂಳ ಕುಂತದ."

"ಮಾವಾರ, ಇದೇನು ಕೀಬೋರ್ಡ್ ಏನ್ರಿ?"

"ಅದ ಅನ್ಕೋ. ಎರಡ ಬಟನ್ ಅವ."

ಬಂದೂಕನ್ನು ನಡುವೆ ಮಡಚಿ ತೆರೆದರು. ಎಡಗಡೆಯ ನಳಿಗೆಯ ಬಾಯಿಯಿಂದ ಗಾಳಿ ಬಿಟ್ಟೆ. ಬೂದು ಬಣ್ಣದ ಧೂಳು ಆಚೆ ತುದಿಯಿಂದ ಹಾರಿತು. ಬಲಗಡೆಯದಕ್ಕೆ ಬಿಟ್ಟರೆ ಗಾಳಿ ತಿರುಗಿ ನನ್ನ ಮುಖಕ್ಕೇ ಬಡಿಯಿತು. ಮಾವ ದನಿ ತಗ್ಗಿಸಿದರು.

"ಅದರಾಗ ಕಾಡತೂಸು ಅದ."

"ಜೀವಂತ ಏನ್ರಿ?"

"ಹೂಂ."

ಧೂಳು ಬರೀ ನೆಪವಾಗಿತ್ತು. ಮಳೆಗಾಲದ ತೇವಕ್ಕೆ ಹಳೆಯ ಕಾಡತೂಸು ಉಬ್ಬಿ ನಳಿಗೆಯಲ್ಲೇ ಸಿಕ್ಕಿಕೊಂಡು, ಹಿಂದಿನ ಸಂಜೆಯಿಂದ ಜಗ್ಗಿದರೂ ಬಂದಿರಲಿಲ್ಲ. ಬ್ಯಾಂಕಿನಿಂದ ಹೊರಡುವಾಗ ಬಂದೂಕು ಖಾಲಿ ಇರಬೇಕೆಂಬುದು ನಿಯಮ. ಬಂದೂಕು ರಿಪೇರಿಯವನಲ್ಲಿಗೆ ಒಯ್ದರೆ ಸುದ್ದಿ ಹೊರಬೀಳುತ್ತದೆ. ನೌಕರಿಯೂ ಹೋದೀತು, ಲೈಸೆನ್ಸೂ ಹೋದೀತು.

"ಗಾಳಿ ಹಿಂದಕ್ಕ ದೂಡ್ತದ, ಅಷ್ಟ. ಹೊಡಿಯೂದಲ್ಲ, ಬರೇ ದೂಡೂದು."

ನಾನು ಇಂಜಿನಿಯರಿಂಗ್ ಓದಿದವಳು. ಎಷ್ಟು ಒತ್ತಡ ಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾನು ಎಲ್ಲಿ ನಿಂತಿದ್ದೇನೆಂದು ಮಾತ್ರ ನೋಡಲಿಲ್ಲ. ಗಾಳಿಕೊಳವೆಯ ತುದಿಗೆ ರಬ್ಬರ್ ಸುತ್ತಿ ನಳಿಗೆಯ ಬಾಯಿಗೆ ಒತ್ತಿ ಹಿಡಿದೆ. ನಳಿಗೆಯ ಬಾಯಿ ಸರಿಯಾಗಿ ನನ್ನ ಹೊಟ್ಟೆಯ ನೇರಕ್ಕಿತ್ತು. ಈಗಲೂ ಪಾತ್ರೆ ತೊಳೆಯುತ್ತಿರುವಾಗ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ.

ಸೋಡಾ ಬಾಟಲಿ ತೆರೆದಂಥ ಸದ್ದು. ಕೆಂಪಗೆ ಏನೋ ಮಾವನ ಮೊಣಕೈ ಪಕ್ಕದಿಂದ ಹಿಂದಕ್ಕೆ ಹಾರಿತು. ಅದು ನೆಲಕ್ಕೆ ಬಿದ್ದ ಸದ್ದು ಮಾತ್ರ ಬರಲಿಲ್ಲ.

ಇಬ್ಬರೂ ನೆಲ ನೋಡುತ್ತ ನಿಂತಿದ್ದಾಗ ನನ್ನ ಗಂಡ ಸ್ನಾನ ಮುಗಿಸಿ ಬಂದರು. ಮಾವ ಬಂದೂಕು ಮುಚ್ಚಿದರು. ದಸರೆಗೆ ಇಸ್ತ್ರಿ ಆಗಬೇಕಿದ್ದ ಬಟ್ಟೆಗಳು ಹಿಂದಿನ ಕುರ್ಚಿಯ ಮೇಲಿದ್ದವು; ಅವನ್ನು ಗಂಟು ಕಟ್ಟಿಕೊಂಡು, ಏನೂ ತಿಳಿಯದೆ, ಗಂಡ ಕೆಳಗಿಳಿದು ಹೋದರು.

ಪೂಜೆಯಾಯಿತು. ಬಂದೂಕಿಗೆ ಹೂ ಏರಿತು. ಕಂಪ್ರೆಸರಿಗೂ ಮಾವ ಕುಂಕುಮ ಹಚ್ಚಿದರು. ಆಮೇಲೆ ಹುಡುಕಿದೆವು. ಮಂಚದ ಕೆಳಗೆ, ಫ್ರಿಜ್ಜಿನ ಹಿಂದೆ, ಅಕ್ಕಿ ಡಬ್ಬಿಯಲ್ಲಿ, ಆಟಿಕೆಗಳ ಬುಟ್ಟಿಯಲ್ಲಿ. ಮೂರು ವರ್ಷದ ನನ್ನ ಮಗಳು ಸಿಕ್ಕಿದ್ದನ್ನೆಲ್ಲ ಕುಟ್ಟಾಣಿಯಲ್ಲಿ ಹಾಕಿ ಕುಟ್ಟುತ್ತಿದ್ದ ಕಾಲ. ಕುಟ್ಟಾಣಿಯನ್ನು ಅಟ್ಟಕ್ಕೆ ಹಾಕಿದೆ. ಗ್ಯಾಸ್ ಹಚ್ಚುವಾಗೆಲ್ಲ ಅವಳನ್ನು ಮೆಟ್ಟಿಲಿಗೆ ಕಳಿಸುತ್ತಿದ್ದೆ. ಗಂಡನಿಗೆ ಹೇಳಿದ ಮೇಲೆ ರಾತ್ರಿಯೆಲ್ಲ ಮೂವರೂ ಸರದಿಯಂತೆ ಅವಳ ಪಕ್ಕ ಎಚ್ಚರವಿರುತ್ತಿದ್ದೆವು. ಹೊರಗಿನವರಿಗೆ ಒಂದು ಮಾತೂ ಹೇಳಲಿಲ್ಲ.

ಒಂಬತ್ತನೆಯ ದಿನ ಗಂಡನ ಪೆನ್ ಡ್ರೈವ್ ಕಾಣಲಿಲ್ಲ. ಅಂಗಿಯ ಜೇಬಿನಲ್ಲಿ ಹೋಗಿರಬಹುದೆಂದು ಇಸ್ತ್ರಿಯವರ ಹತ್ತಿರ ಕೇಳಲು ಹೋದೆ. ನಮ್ಮ ಕಟ್ಟಡದ ಮೆಟ್ಟಿಲ ಕೆಳಗೇ ಅವರ ಮೇಜು. ಇದ್ದಿಲಿನ ಇಸ್ತ್ರಿಪೆಟ್ಟಿಗೆಯ ಪಕ್ಕ ಒಂದು ತಗಡಿನ ಡಬ್ಬಿ: ಎಲ್ಲ ಮನೆಗಳ ಬಟ್ಟೆಯಲ್ಲಿ ಸಿಕ್ಕ ಗುಂಡಿ, ಪಿನ್ನು, ನಾಣ್ಯ ಎಲ್ಲ ಅದರಲ್ಲೇ. ಯಾರದ್ದೋ ಅವರು ಕೇಳಿ ಒಯ್ಯಬೇಕು.

"ಬಘಾ ನಾ ವಹಿನಿ, ಡಬ್ಯಾತ ಬಘಾ," ಎಂದು ಡಬ್ಬಿಯನ್ನು ನನ್ನತ್ತ ತಳ್ಳಿದರು. ಅವರ ಮರಾಠಿಯಲ್ಲಿ ನಾನು ವಹಿನಿ, ಅಂದರೆ ಅತ್ತಿಗೆ.

ಪೆನ್ ಡ್ರೈವ್ ಇರಲಿಲ್ಲ. ಹೇರ್‌ಪಿನ್ನುಗಳ ನಡುವೆ ಕೆಂಪು ಕಾಡತೂಸು ಮಲಗಿತ್ತು. ಎತ್ತಿಕೊಂಡೆ. ಅದರ ಹಿತ್ತಾಳೆಯ ಬುಡ ಬೆಚ್ಚಗಿತ್ತು.

"ತುಮಚೀ ಲಿಪ್‌ಸ್ಟಿಕ್ ಕಾ?" ಅವರು ನಕ್ಕರು.

"ಹೋ," ಎಂದೆ. ಹೌದು ಎಂದುಬಿಟ್ಟೆ.

ಮೇಲೆ ಬಂದು ಮಾವನ ಅಂಗೈಯಲ್ಲಿಟ್ಟೆ. ಸದ್ದೇ ಮಾಡದೆ ಅದು ಬಿದ್ದದ್ದು ಬಟ್ಟೆಯ ಗಂಟಿನೊಳಗೆ.

"ಅವಗ ಏನಂತ ಹೇಳಿದಿ?"

"ಲಿಪ್‌ಸ್ಟಿಕ್ ಅಂತ."

ಕಾಡತೂಸು ಸಿಕ್ಕಿದ್ದರೂ ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮ್ಮ ಮಗುವನ್ನು ನಾವು ಕಾಯುತ್ತಿದ್ದ ಅಷ್ಟೂ ದಿನ ಅದು ಇನ್ನೊಬ್ಬರ ಕೆಂಡದ ಪಕ್ಕದಲ್ಲಿತ್ತು.

ಬೆಳಗ್ಗೆ ಮಾವ ಸಮವಸ್ತ್ರ ಹಾಕಿಕೊಂಡು, ಬಂದೂಕನ್ನೂ ಕಾಡತೂಸನ್ನೂ ತೆಗೆದುಕೊಂಡು ಕೆಳಗಿಳಿದರು. ಹಿಂದೆ ನಾನು. ಇಸ್ತ್ರಿಯವರಿಗೆ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು. ಮೊದಲು ಅವರು, "ಅಣ್ಣಾ, ಥಟ್ಟಾ ಕರ್ತಾ ಕಾ?" ಎಂದು ನಕ್ಕರು. ತಮಾಷೆಯಲ್ಲವೆಂದು ತಿಳಿದಾಗ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ದೂರ ನೆಲದ ಮೇಲಿಟ್ಟರು. ದಿನಾ ಮಧ್ಯಾಹ್ನ ಈ ಮೇಜಿನ ಮೇಲೇ ಬುತ್ತಿ ಬಿಚ್ಚುತ್ತೇನೆ ಎಂದರು. ಆಮೇಲೆ ನನ್ನನ್ನು ನೋಡಿ, "ಲಿಪ್‌ಸ್ಟಿಕ್, ವಹಿನಿ?" ಎಂದರು. ಅಷ್ಟೇ.

ಮಾವ ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದರು. ಬಂದೂಕು ಅಲ್ಲೇ ಉಳಿಯಿತು. ಆ ವಾರದಲ್ಲೇ ನೌಕರಿಯೂ ಹೋಯಿತು. ನಮ್ಮ ಗಂಟನ್ನು ಇಸ್ತ್ರಿಯವರು ತೆಗೆದುಕೊಳ್ಳಲಿಲ್ಲ. ಎರಡು ಸಲ ಒಯ್ದೆ; ಎರಡು ಸಲವೂ, ಕೆಲಸ ಬಹಳ ಇದೆ ಎಂದು ತಲೆಯೆತ್ತದೆ ಹೇಳಿದರು.

ದೀಪಾವಳಿಗೆ ನಾಲ್ಕು ದಿನವಿತ್ತು. ಗುರುವಾರ. "ವಹಿನಿ, ಕಪಡೇ ಆಹೇತ ಕಾ?" ಎಂದು ಕೆಳಗಿನಿಂದ ಕೂಗು ಬಂತು. ಬಟ್ಟೆ ಇದ್ದವು. ಒಯ್ದೆ. ಅವರು ಗಂಟು ಬಿಚ್ಚಿ, ಒಂದೊಂದನ್ನೇ ಎತ್ತಿ ನನ್ನೆದುರು ಝಾಡಿಸಿ, ಪ್ರತಿ ಜೇಬನ್ನೂ ಹೊರಗೆಳೆದು ನೋಡಿದರು. ಮಗಳ ಪುಟ್ಟ ಫ್ರಾಕಿನ ಜೇಬನ್ನೂ ಬಿಡಲಿಲ್ಲ. ಮುಗಿಯುವ ತನಕ ನಾನು ಅಲ್ಲೇ ನಿಂತಿದ್ದೆ.

ಕಾಡತೂಸು ಸಿಕ್ಕ ಮೇಲೂ ನಮ್ಮ ಸರದಿ ನಿಂತಿರಲಿಲ್ಲ; ಆ ರಾತ್ರಿ ಯಾರೂ ಕಾಯಲಿಲ್ಲ. ಹಾಲಿನವರು ಗಂಟೆ ಒತ್ತಿದಾಗ ಕಣ್ಣು ಬಿಟ್ಟೆ. ಕೋಣೆಯ ತುಂಬ ಬಿಸಿಲಿತ್ತು. ಹೊರಗಿನ ಮಂಚದಲ್ಲಿ ಮಾವ ಇನ್ನೂ ಗೊರಕೆ ಹೊಡೆಯುತ್ತಿದ್ದರು.