ಐದು ಆಂಪೇರು, ಐದು ದೀಪ

ಹಾಸನದ ಬಾಡಿಗೆ ಕೋಣೆಗೆ ಕಾಲಿಟ್ಟ ದಿನವೇ ಮನೆಯ ಯಜಮಾನ ರಂಗೇಗೌಡರು ಸ್ಟೂಲು ಹತ್ತಿ ನನ್ನ ಬಲ್ಬನ್ನು ಬಿಚ್ಚಿಕೊಂಡರು.

"ಫ್ಯೂಜು ಐದು ಆಂಪೇರು ಕಣಮ್ಮ. ನಮ್ಮವೇ ಐದು ದೀಪ ಅವೆ. ಆರ್ನೇದು ಆಕುದ್ರೆ ಸುಟ್ಟೋಯ್ತದೆ."

ಧಾರವಾಡದಲ್ಲಿ ಬಾಡಿಗೆಗೆ ಬಂದವರಿಗೆ ಮೊದಲು ನೀರು ಬೆಲ್ಲ ಕೊಡುತ್ತೇವೆ. ಇಲ್ಲಿ ಕತ್ತಲೆ ಕೊಟ್ಟರು.

ಅಲ್ಲಿ ರೊಟ್ಟಿಯನ್ನು ಅಗಿದು ತಿಂದವಳು ಇಲ್ಲಿ ಮುದ್ದೆ ನುಂಗುವುದನ್ನು ಕಲಿತೆ. ವಾಟಿಗೆ ಇವರು 'ಕ್ಯಾಂಡಲ್' ಅನ್ನುತ್ತಾರೆ. ಅದನ್ನೂ ಕಲಿತು, ಆ ಪದವನ್ನೇ ಬಳಸಿ ಬಿಡಿಸಿ ಹೇಳಿದೆ.

"ಗೌಡ್ರ, ಕ್ಯಾಂಡಲ್ಲನ್ನ ವೋಲ್ಟಿನಿಂದ ಭಾಗಿಸಿದ್ರ ಆಂಪೇರು ಬರ್ತದ. ನಿಮ್ಮ ನಲವತ್ತು ಕ್ಯಾಂಡಲ್ಲಿನ ಐದೂ ದೀಪ ಸೇರಿದ್ರೂ ಒಂದು ಆಂಪೇರು ಆಗೂದಿಲ್ರಿ."

"ಎಲ್ಲಿಂದ್ಲೋ ಬಂದೋಳು ನೀನು. ನಮ್ಮನೆ ಇಚಾರ ನಿಂಗ್ಯಾಕಮ್ಮ?"

ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಗಲೆಲ್ಲ ಹುಡುಗಿಯರ ಶಾಲೆಯಲ್ಲಿ ಪಾಠ. ಸಂಜೆ ಓದಿ ಟ್ರೇನಿಂಗ್ ಪರೀಕ್ಷೆ ಪಾಸು ಮಾಡದಿದ್ದರೆ ಕೆಲಸವೇ ಇಲ್ಲ. ಫೇಲಾದೆ. ಶಾಲೆಯವರು ಇನ್ನೊಂದೇ ಅವಕಾಶ ಕೊಟ್ಟರು. ಕತ್ತಲಲ್ಲಿ ಕೂತು ಅತ್ತೆ, ಆಮೇಲೆ ಹಲ್ಲು ಕಚ್ಚಿಕೊಂಡೆ. ಇರಲಿ ಗೌಡರೇ, ನನಗೂ ಒಂದು ದಿನ ಬರುತ್ತದೆ ಅಂದುಕೊಂಡೆ.

ಬಂತು. ಅವರ ಮಗಳ ಮದುವೆ. ಗಂಡಿನ ಕಡೆಯವರು ಚನ್ನರಾಯಪಟ್ಟಣದವರು. ಚಪ್ಪರಕ್ಕೆ ಇಪ್ಪತ್ತು ದೀಪ ಹಾಕಬಹುದೆಂದು ವೈರಿಂಗಿನವನು ಹೇಳಿದ. ಗೌಡರು ಅವನನ್ನು ನಂಬದೆ ನನ್ನನ್ನು ಕರೆಸಿದರು.

"ಟೀಚರಮ್ಮ, ಇವ್ನು ಏಳೋದು ದಿಟವಾ?"

"ನಿಮ್ಮ ಲೆಕ್ಕ ತಪ್ಪತದೇನ್ರಿ? ಐದು ಆಂಪೇರು, ಐದೇ ದೀಪ," ಎಂದೆ. ಆಹಾ, ಎಂಥ ಸಿಹಿ ಮಾತು ಅದು!

ಮನೆಯ ಐದೂ ಬಲ್ಬು ಚಪ್ಪರಕ್ಕೆ ಹೋದವು. ಊಟದ ಪಡಸಾಲೆ ಕಗ್ಗತ್ತಲು. ಬೀಗರೊಬ್ಬರು ಸಾರೆಂದು ಪಾಯಸವನ್ನೇ ಅನ್ನಕ್ಕೆ ಕಲಸಿಕೊಂಡರು.

"ಏನ್ ಗೌಡ್ರೇ, ಆಸನಕ್ಕೆ ಇನ್ನೂ ಕರೆಂಟು ಬಂದಿಲ್ವಾ?" ಎಂದು ಅವರು ಕೇಳಿದಾಗ ಪಂಕ್ತಿಯೆಲ್ಲ ಘೊಳ್ಳೆಂದಿತು. ಗೌಡರ ತಲೆ ತಗ್ಗಿತು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಐದು ಆಂಪೇರಿಗೆ ಇಪ್ಪತ್ತು ದೀಪವೂ ಉರಿಯುತ್ತವೆಂದು ಬೀಗರಿಂದಲೇ ತಿಳಿದುಕೊಂಡ ಗೌಡರು ಮರುದಿನ ನನ್ನ ಮುಖ ನೋಡದೆ, "ದೀಪ ಆಕ್ಕೊಳಮ್ಮ," ಎಂದು ಹೋದರು. ಗೆದ್ದೆ.

ಹಿಂದೆಯೇ ಅವರ ಹೆಂಡತಿ ನಿಂಗಮ್ಮ ಬಂದು ಬಾಗಿಲಲ್ಲಿ ನಿಂತರು. ಅತ್ತು ಕಣ್ಣು ಊದಿಕೊಂಡಿತ್ತು.

"ನಮ್ಮನೆ ಮಗ್ಳಂಗಿದ್ದೆ. ಮಾನ ಓಗೋದ್ ಗೊತ್ತಿದ್ದೂ ಯಾಕವ್ವ ಏಳ್ನಿಲ್ಲ?"

ಬೇಕಿಲ್ಲದಾಗ ಎಲ್ಲಿಂದಲೋ ಬಂದವಳು, ಬೈಯುವಾಗ ಮನೆಮಗಳು! ನನಗೆ ರೇಗಿಹೋಯಿತು. ನಮ್ಮ ಧಾರವಾಡದ ಗಂಡುಮಾತಿನಲ್ಲಿ ಝಾಡಿಸಬೇಕೆಂದು ಬಾಯಿ ತೆರೆದೆ.

"ಏಳಿದ್ದೆ ಕಣವ್ವ!" ಎಂದಿತು ಬಾಯಿ.