ಗಂಗಕ್ಕನ ಮಾಳಿಗೆ ಮೇಲೆ ಸಿಮೆಂಟು

ತಾಳ್ಯದ ನಮ್ಮ ಬೀದಿಯಲ್ಲಿ ಚಾವಣಿಗೆ ಮಣ್ಣು ಹೊದಿಸಿದ ಹಳೇ ಮಾಳಿಗೆ ಉಳಿಸಿಕೊಂಡಿದ್ದವಳು ಗಂಗಕ್ಕ ಒಬ್ಬಳೇ. ಅದಕ್ಕೆ ಮಾಡಿದ ಅನ್ಯಾಯ ನೆನೆದರೆ ಎದುರು ಮನೆಯವನಾದ ನನಗೇ ಮೈಯೆಲ್ಲ ಉರಿಯುತ್ತದೆ. ಇನ್ನು ಆಕೆಗೆ ಹೇಗಾಗಿರಬೇಡ!

ಗಂಗಕ್ಕ ರಾಮಗಿರಿಯವಳು. ಕುರಿ ಸಾಕುವವರ ಈ ಮನೆಗೆ ಸೊಸೆಯಾಗಿ ಬಂದಳು. ಗಂಡ ಮಂದೆ ಹೊಡೆದುಕೊಂಡು ಊರೂರು ಅಲೆಯುತ್ತಿದ್ದ, ಮನೆಯ ಮಾಳಿಗೆ ನೋಡಿಕೊಳ್ಳುವ ಕೆಲಸ ಇವಳ ಪಾಲಿಗೆ ಬಿತ್ತು. ಮಳೆಗಾಲ ಹತ್ತಿರವಾದರೆ ಸಾಕು, ಕೆರೆಯಂಚಿನಿಂದ ಕರಲುಮಣ್ಣು ತರಿಸಿ, ಮೇಲೆ ಹರಡಿ, ನೀರು ಚಿಮುಕಿಸಿ, ಬೀದಿಯವರನ್ನೆಲ್ಲ ಹತ್ತಿಸಿ ತುಳಿಸುತ್ತಿದ್ದಳು. ಆ ಮಣ್ಣು ಗಟ್ಟಿ ಕೂತರೆ ನೀರು ಇಳಿಯುವುದಿಲ್ಲ. ಒಂದಿಷ್ಟು ಇಳಿದರೂ ಬಿಸಿಲಿಗೆ ಆರಿಹೋಗುತ್ತದೆ.

"ಎಮ್ಮೆ ಕಟ್ಟಿದ್ಮೇಲೆ ಮೈ ತಿಕ್ಕಲ್ವಾ? ಮಾಳಿಗೇನೂ ಹಂಗೇ ಕಣ್ರಿ, ತುಳೀರಿ, ತುಳೀರಿ!" ಎಂದು ನಮ್ಮನ್ನೆಲ್ಲ ಗದರಿಸುತ್ತಿದ್ದಳು. ಗಂಡ ತೀರಿಕೊಂಡ ವರ್ಷವೂ ಆ ಕೆಲಸ ತಪ್ಪಿಸಲಿಲ್ಲ.

ಹೋದ ಬೇಸಿಗೆಯಲ್ಲಿ ತಾಯಿಗೆ ಕಾಯಿಲೆಯೆಂದು ಗಂಗಕ್ಕ ತವರಿಗೆ ಹೋದಳು. ಅದೇ ಮನೆಯಲ್ಲಿದ್ದ ಮೈದುನ ಮಂಜಣ್ಣ ಕಾಯುತ್ತಿದ್ದವನಂತೆ ಗಾರೆಯವರನ್ನು ಕರೆಸಿ, ಮಣ್ಣಿನ ಮೇಲೆಯೇ ಸಿಮೆಂಟು ಹಾಕಿಸಿಬಿಟ್ಟ. ಅಡುಗೆಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಗವಾಕ್ಷಿಯೊಂದರಿಂದಲೇ, ಅದನ್ನೂ ಮುಚ್ಚಿಸಿದ. ಯಾಕಪ್ಪ ಎಂದರೆ, "ಮಾಳಿಗೆ ಮೇಲೆ ಹುಲ್ಲು ಬೆಳೀತೈತೆ, ನೆಂಟರು ನಗ್ತಾರೆ" ಎಂದ. ನೆಂಟರಂತೆ, ನಗುತ್ತಾರಂತೆ! ಮಣ್ಣು ತುಳಿಯುವ ದಿನ ಬಂದರೆ ಸಾಕು, ಈ ಮಹಾರಾಯನಿಗೆ ಹೊಳಲ್ಕೆರೆಯಲ್ಲಿ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಊರವರಾದರೂ ಬುದ್ಧಿ ಹೇಳಿದರೇ? "ಭೇಷ್ ಮಂಜಣ್ಣ" ಎಂದು ಬೆನ್ನು ತಟ್ಟಿದರು. ಗಂಗಕ್ಕ ತವರಿನಿಂದ ಮರಳುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಮಳೆಗಾಲದಲ್ಲಿ ಸಿಮೆಂಟು ಅಂಚಿನಲ್ಲೆಲ್ಲ ಬಿರುಕು ಬಿಟ್ಟಿತು. ಒಳಗಿಳಿದ ನೀರಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಈ ಬೇಸಿಗೆಗೆ ಜಂತೆಗಳಿಂದ ಮರದ ಪುಡಿ ಉದುರಿ ಮುದ್ದೆಯ ತಟ್ಟೆಗೆ ಬೀಳತೊಡಗಿತು, ನಡುಮನೆಯ ತೊಲೆ ಬಾಗಿತು. ಆ ತೊಲೆಯ ಕೆಳಗೇ ಮಂಜಣ್ಣನ ಮಗಳು ರಂಜಿತಾ ಮಲಗುವುದು, ಓದಿಕೊಳ್ಳುವುದು. ಗಂಗಕ್ಕ ಆ ಹುಡುಗಿಯನ್ನು ಎತ್ತಿ ಆಡಿಸಿದವಳು.

"ಸಿಮೆಂಟು ಒಡೆಸೋ ಮಂಜ, ಮಾಳಿಗೆ ಕುಸೀತೈತೆ" ಎಂದು ಬೇಡಿಕೊಂಡಳು.

"ಸುಮ್ನಿರು ಅತ್ತಿಗೆ, ನಿನಗೇನ್ ಗೊತ್ತಾಗ್ತೈತೆ? ಇನ್ನೊಂದು ಪದರ ಹಾಕಿಸ್ತೀನಿ, ಕಲ್ಲಾಗ್ತೈತೆ" ಎಂದ ಮಂಜಣ್ಣ.

ಇನ್ನೊಂದು ಪದರ! ಬಾಗಿದ ತೊಲೆಯ ಮೇಲೆ ಇನ್ನಷ್ಟು ಭಾರ! ತಲೆಯಲ್ಲಿ ಏನು ತುಂಬಿಕೊಂಡಿದ್ದಾನೋ ಪುಣ್ಯಾತ್ಮ.

ಮೇಸ್ತ್ರಿ ಸಿಮೆಂಟು ಚೀಲ ಇಳಿಸುತ್ತಿದ್ದಂತೆ ಗಂಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾರೆ ಹಿಡಿದು ಮಾಳಿಗೆ ಹತ್ತಿದಳು. ಹತ್ತಿದವಳೇ ಏಣಿಯನ್ನು ಮೇಲೆಳೆದುಕೊಂಡಳು. ಬೀದಿಯೆಲ್ಲ ಕೂಡಿತು. ತೊಲೆಗೆ ಭಾರ ಬೀಳದಂತೆ ಗೋಡೆಯ ಮಗ್ಗುಲಲ್ಲಿ, ಅಂಚಿನ ಮೇಲೆ ಕಾಲಿಟ್ಟುಕೊಂಡೇ ಹಾರೆ ಬೀಸಿದಳು.

"ಅತ್ತಿಗೆ, ಹುಚ್ಚು ಹಿಡಿದೈತಾ ನಿನಗೆ? ಇಳಿ ಕೆಳಗೆ!" ಮಂಜಣ್ಣ ಅಂಗಳದಿಂದ ಕೂಗಿದ. "ಮನೆ ನನ್ನದೂ ಹೌದು!"

"ಮಗಳೂ ನಿನ್ನವಳೇ ಅಲ್ವೇನೋ!"

ಸಿಮೆಂಟು ಹೆಂಟೆ ಎದ್ದಿತು. ಅವಳು ಅದರಡಿಯ ಮಣ್ಣಿನೊಳಗೆ ಕೈ ಹಾಕಿ, ಮಣ್ಣು ಉದುರದಿರಲೆಂದು ಜಂತೆಯ ಮೇಲೆ ಹಾಸಿದ್ದ ಸೊಪ್ಪನ್ನು ಮುಷ್ಟಿ ತುಂಬ ಕಿತ್ತು ಅವನ ಕಾಲ ಬಳಿ ಎಸೆದಳು. ಅದು ಕಪ್ಪಗೆ ಕೊಳೆತಿತ್ತು.

"ಹಿಂಡೋ ಅದನ್ನ!"

ನೆಲದ ಮೇಲೆ ಕಾಲಿಡಲಾಗದ ಬಿಸಿಲು. ಊರಿಗೆ ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ಮಂಜಣ್ಣ ಗೊಣಗುತ್ತ ಎತ್ತಿಕೊಂಡು ಹಿಂಡಿದ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು.

"ಹೋದ ವರ್ಷದ ಮಳೆ ಕಣೋ ಅದು! ಅಷ್ಟನ್ನೂ ಆ ಹುಡುಗಿ ತಲೆ ಮೇಲೆ ಹೊರಿಸಿದೀಯ. ಇನ್ನೂ ಸಾಲದೇನೋ ನಿನಗೆ?" ಗಂಗಕ್ಕನ ದನಿ ಒಡೆದುಹೋಯಿತು.

ಮಂಜಣ್ಣ ಒದ್ದೆ ಅಂಗೈಯನ್ನು ನೋಡಿಕೊಂಡ. ಮೇಸ್ತ್ರಿ ಏನೋ ಕೇಳಿದ, ಇವನು ಕಿವಿಗೊಡಲಿಲ್ಲ. ದಡದಡನೆ ಒಳಗೆ ಹೋಗಿ, ರಂಜಿತಾಳ ಮಂಚವನ್ನು ಒಬ್ಬನೇ ದರದರ ಎಳೆದು ತಂದು ಅಂಗಳಕ್ಕೆ ಹಾಕಿದ.